ಪಿಂಕಿಯ ಬೇಸಿಗೆ ಕ್ಷೌರ

ನಾಚಿಕೆಯಾದರೆ ನಾಯಿ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ನನಗೆ ಆ ಅನುಕೂಲ ಇರಲಿಲ್ಲ. ನಮ್ಮ ಮಂಚ ತೀರಾ ತಗ್ಗು, ನನ್ನ ಹೊಟ್ಟೆ ತೀರಾ ಎತ್ತರ.

ಆಗ ನಾವಿದ್ದ ಮದರಾಸಿನ ಅಣ್ಣಾ ನಗರದಲ್ಲಿ ಎರಡು ಮನೆಗೊಂದು ಬಿಳಿ ಪೊಮೇರಿಯನ್ ಇರುತ್ತಿತ್ತು. ನಮ್ಮದರ ಹೆಸರು ಪಿಂಕಿ. ಅಲ್ಲಿನವರು 'ಕತ್ತರಿ' ಎಂದು ಹೆಸರಿಟ್ಟು ಹೆದರುವ ಮೇ ತಿಂಗಳ ಬಿಸಿಲು ಶುರುವಾಗಿತ್ತು. ನಾನು ಬನಿಯನ್ ಕೂಡ ಕಳಚಿ ಫ್ಯಾನಿನಡಿ ಕೂತಿದ್ದೆ. ಎದುರಿಗೆ ಪಿಂಕಿ, ಕಂಬಳಿ ಹೊದ್ದವಳಂತೆ ಏದುಸಿರು ಬಿಡುತ್ತಿದ್ದಳು. ನನ್ನ ಕರುಳು ಚುರ್ ಎಂದಿತು. ಹೊರಗಿನ ಕತ್ತರಿ ಸಾಲದೆಂದು ಒಳಗಿನಿಂದ ಇನ್ನೊಂದು ಕತ್ತರಿ ತಂದೆ.

"ಡಾಕ್ಟರನ್ನ ಒಂದು ಮಾತು ಕೇಳಬಾರದೇನ್ರೀ?" ಎಂದಳು ಹೆಂಡತಿ ವಸಂತಿ.

"ಸೆಕೆಗೆ ಕೂದಲು ತೆಗೆಯೋದಕ್ಕೂ ಡಾಕ್ಟರೇ?" ಎಂದೆ.

ಕತ್ತರಿಯಾದ ಮೇಲೆ ನನ್ನ ರೇಜರೂ ಬಂತು. ಕೊನೆಗೆ ನಮ್ಮೆದುರು ನಿಂತದ್ದು ತೆಳ್ಳಗಿನ, ಗುಲಾಬಿ ಬಣ್ಣದ, ಯಾರದೋ ಪ್ರಾಣಿ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರಿಸುವ ಮಗಳು ದಿವ್ಯಾ "ಪಾವಂಪ್ಪಾ!" ಎಂದು, ಅಂದರೆ ಪಾಪ ಅಪ್ಪಾ ಎಂದು, ಕಣ್ಣೀರು ಹಾಕಿದಳು. ಎದುರುಮನೆ ಮಾಮಿ ಇಣುಕಿ, "ಆಟ್ಟುಕ್ಕುಟ್ಟಿಯಾ ಸಾರ್?" ಎಂದರು. ಮೇಕೆಮರಿ ತಂದಿರಾ ಎಂದು! ಪಿಂಕಿ ಮಂಚದಡಿ ಸೇರಿದಳು. ಊಟಕ್ಕೆ ಕರೆದರೂ ಬರಲಿಲ್ಲ. ಎಲ್ಲ ಅಭ್ಯಾಸವಾಗುತ್ತದೆ ಎಂದು ನಾನು ಭಾಷಣ ಮಾಡಿದೆ.

ಮರುದಿನ ಮಧ್ಯಾಹ್ನ ನಾವೆಲ್ಲ ಊಟ ಮಾಡಿ ಮಲಗಿದ್ದಾಗ ಪಿಂಕಿ ಬಾಲ್ಕನಿಗೆ ಹೋಗಿ ಬಿಸಿಲಲ್ಲೇ ಮಲಗಿಬಿಟ್ಟಿದ್ದಳು. ಒಣಗಿದ ಬಟ್ಟೆ ತರಲು ಹೋದ ವಸಂತಿ ಕೂಗಿಕೊಂಡಳು. ಬೆನ್ನೆಲ್ಲ ಕೆಂಪು. ನಾಲಿಗೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ಎಬ್ಬಿಸಿದರೆ ಕಾಲು ನಿಲ್ಲಲೊಲ್ಲದು.

ನಾನು ಫ್ರಿಜ್ಜಿನ ಐಸಿಗೆ ಓಡಿದೆ. "ಅದೂ ಬೇಡ, ನಿಮ್ಮ ಬುದ್ಧಿಯೂ ಬೇಡ, ಆಟೋ ತನ್ನಿ!" ಎಂದು ವಸಂತಿ ಮಗ್ಗಿನಲ್ಲಿ ಕೊಡದ ನೀರು ಮೊಗೆದು ಪಿಂಕಿಯ ಮೈಮೇಲೆ ಮೆಲ್ಲನೆ ಸುರಿಯತೊಡಗಿದಳು. ಆಟೋದಲ್ಲಿ ದಾರಿಯುದ್ದಕ್ಕೂ ದಿವ್ಯಾ ನೋಟ್‌ಬುಕ್ಕಿನ ರಟ್ಟಿನಿಂದ ಗಾಳಿ ಹಾಕಿದಳು. ನಾನು ಒದ್ದೆ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು, ನನಗೆ ಗೊತ್ತಿದ್ದ ಎಲ್ಲ ದೇವರ ಹೆಸರು ಹೇಳುತ್ತಿದ್ದೆ.

ಡಾಕ್ಟರು ಡ್ರಿಪ್ ಹಾಕಿದರು. ಉಸಿರು ತಹಬಂದಿಗೆ ಬಂದ ಮೇಲೆ ನನ್ನ ಕಡೆ ತಿರುಗಿದರು. "ಆ ತುಪ್ಪುಳು ಬಿಸಿಲನ್ನ ಚರ್ಮದವರೆಗೂ ಬಿಡೋದಿಲ್ಲ ಸಾರ್. ಬಾಚಿ, ನೆರಳಲ್ಲಿಟ್ಟು, ಕುಡಿಯೋಕೆ ನೀರಿಟ್ಟಿದ್ರೆ ಸಾಕಾಗಿತ್ತು. ಬೋಳಿಸಿದ್ದು ಯಾರು?"

ಹೆಂಡತಿ ಮಗಳು ಇಬ್ಬರೂ ನನ್ನನ್ನು ಬಿಟ್ಟುಕೊಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ಅವರು ಬೈದಿದ್ದರೇ ಚೆನ್ನಾಗಿತ್ತು.

"ನಾನೇ," ಎಂದೆ. ಸರದಿಗೆ ಕಾಯುತ್ತಿದ್ದ ನಾಯಿಗಳೆಲ್ಲ ನನ್ನನ್ನೇ ನೋಡಿದಂತಾಯಿತು.

ಸಂಜೆ ಪಿಂಕಿಯನ್ನು ಮನೆಗೆ ತಂದು ತಣ್ಣನೆಯ ನೆಲದ ಮೇಲೆ ಬಿಟ್ಟೆವು. ಮುಖ ತೋರಿಸಲಾರದೆ ನಾನು ಪೇಪರ್ ಅಡ್ಡ ಹಿಡಿದು ಕೂತೆ. ಅವಳು ಎದ್ದು, ತಡವರಿಸುತ್ತ ಬಂದು, ಪೇಪರಿನಡಿಯಿಂದ ತೂರಿ ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗಿದಳು. ತಪ್ಪು ಯಾರದೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.