ಸಿಸಿಲಿಯಾ ಟೀಚರ್ ಮತ್ತು ಉಪ್ಪು ಬಿಟ್ಟ ನೀರು

ಸಿಸಿಲಿಯಾ ಟೀಚರ್ ಕುಳಿತದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಉಳಿದಂತೆ ಅವರು ನಿಂತೇ ಚಹಾ ಕುಡಿಯುವವರು, ಖಾಲಿ ಬಸ್ಸಿನಲ್ಲೂ ಕಂಬಿ ಹಿಡಿದು ಬಾಗಿಲ ಬಳಿ ನಿಲ್ಲುವವರು. ತೊಕ್ಕೊಟ್ಟಿನ ನನ್ನ ಫ್ರಿಜ್ ರಿಪೇರಿ ಅಂಗಡಿಗೆ ಬಂದರೆ ಈ ಗೋಡೆಯಿಂದ ಆ ಗೋಡೆಗೆ ಓಡಾಟ. ಸ್ಟೂಲ್ ಎಳೆದುಕೊಟ್ಟರೆ ಅದರ ಮೇಲೆ ಚೀಲ ಇಡುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಆದರೆ ಕಲಿಸುವ ಚಟಕ್ಕೆ ನಿವೃತ್ತಿ ಎಲ್ಲಿದೆ?

ಪರಿಚಯವಾದದ್ದು ಅವರ ಹಳೆಯ ಫ್ರಿಜ್ಜಿನಿಂದ. ಅದು ಒಂದು ಗಂಟೆ ತಣ್ಣಗಾಗಿ ಮತ್ತೆ ಮುಷ್ಕರ ಹೂಡುತ್ತಿತ್ತು. "ಪೈಪಿನೊಳಗೆ ನೀರಿನ ಪಸೆ ಉಂಟು ಟೀಚರ್. ಐಸ್ ಕಟ್ಟಿ ಚೋಕ್ ಆಗ್ತದೆ" ಎಂದೆ.

"ಬರೀ ಐಸ್ ಅಂತ ನಿನಗೆ ಯಾರು ಹೇಳಿದ್ದು? ಹೈಡ್ರೇಟ್ ಆಗಿರ್ಲಿಕ್ಕೂ ಸಾಕು. ತಂಪು ಮತ್ತು ಒತ್ತಡ ಎರಡೂ ಸಿಕ್ಕಿದ್ರೆ ನೀರು ಗ್ಯಾಸಿನ ಸುತ್ತ ಗೂಡು ಕಟ್ತದೆ ಮಾರಾಯ. ನೋಡ್ಲಿಕ್ಕೆ ಐಸಿನ ಹಾಗೇ. ಒಂದು ಡಬ್ಬಿ ಹೈಡ್ರೇಟಿನಲ್ಲಿ ನೂರೈವತ್ತಕ್ಕೂ ಹೆಚ್ಚು ಡಬ್ಬಿ ಮೀಥೇನ್ ತುಂಬಿಸಿ ಇಡ್ಬಹುದು, ಗೊತ್ತುಂಟಾ? ಕಡ್ಡಿ ಗೀರಿದ್ರೆ ಆ ಐಸೇ ಉರೀತದೆ!"

ಇಪ್ಪತ್ತು ವರ್ಷ ನಾನು ಚೋಕ್ ಎಂದು ಶಪಿಸುತ್ತಿದ್ದುದನ್ನು ಇವರು ಮನೆಗೆ ಬಂದ ನೆಂಟನಂತೆ ಹೊಗಳುತ್ತಿದ್ದರು.

ಟೀಚರಿಗೆ ಮೀಥೇನಿಗಿಂತ ದೊಡ್ಡ ಚಿಂತೆ ನೀರಿನದ್ದು. ಅವರ ಮನೆ ಕಡಲಿಗೆ ಹತ್ತಿರ. ಫೆಬ್ರವರಿ ಕಳೆದರೆ ಬಾವಿ ಉಪ್ಪು. ಗಂಜಿ ಬೇಯಿಸಿದರೆ ಬೇರೆ ಉಪ್ಪು ಹಾಕುವ ಅಗತ್ಯವೇ ಇಲ್ಲ. ಹೈಡ್ರೇಟಿನ ಗೂಡಿನಲ್ಲಿ ಉಪ್ಪಿಗೆ ಜಾಗವಿಲ್ಲ, ಹೊರಗುಳಿದ ಉಪ್ಪುನೀರನ್ನು ಬಸಿದು ಗೂಡು ಕರಗಿಸಿದರೆ ಗ್ಯಾಸ್ ಹೋಗಿ ಸಿಹಿನೀರು ಉಳಿಯುತ್ತದೆ ಎಂದು ಅವರು ಮಕ್ಕಳಿಗೆ ಮೂವತ್ತು ವರ್ಷ ಹೇಳಿದ್ದರು. ನಿವೃತ್ತಿಯಾದ ಮೇಲೂ ವರ್ಷಕ್ಕೊಮ್ಮೆ ಶಾಲೆಗೆ ಹೋಗಿ ಹೇಳುತ್ತಿದ್ದರು. ಒಮ್ಮೆ ಯಾರೋ ಒಬ್ಬಳು ಎದ್ದು ನಿಂತು, "ಟೀಚರ್, ನೀವು ಆ ನೀರು ಕುಡಿದಿದ್ದೀರಾ?" ಎಂದು ಕೇಳಿಬಿಟ್ಟಳಂತೆ.

"ಇಲ್ಲ ಅಂದೆ ಅಶ್ರಫ್. ನಾಚಿಕೆ ಆಯ್ತು. ಒಂದು ಗ್ಲಾಸ್ ಸಾಕು. ನಾನೇ ಮಾಡಿ ಕುಡೀಬೇಕು. ಆಮೇಲೆ ಆ ಹುಡುಗಿಯ ಎದುರು ನಿಲ್ತೇನೆ."

ಹಾಗೆ ನಾನು ಸಿಕ್ಕಿಬಿದ್ದೆ. ದಪ್ಪ ಸ್ಟೀಲ್ ಪೈಪಿನ ಎರಡೂ ತುದಿ ಬೆಸೆದು, ಒತ್ತಡದ ಮೀಟರ್ ಮತ್ತು ಗಾಜಿನ ಕಿಂಡಿ ಕೂರಿಸಿದೆ. ಅದನ್ನು ಹಳೆಯ ಐಸ್‌ಕ್ರೀಂ ಪೆಟ್ಟಿಗೆಯೊಳಗೆ ಇಟ್ಟೆವು. ಪೈಪಿನೊಳಗೆ ಟೀಚರ ಮನೆಯ ಬಾವಿನೀರು, ಅದಕ್ಕೆ ಮೀಥೇನಿನ ಬದಲು ಫ್ರಿಜ್ಜಿಗೆ ತುಂಬುವ ಗ್ಯಾಸ್ ಎಂದು ಲೆಕ್ಕ. ನಾನು "ನಾಳೆ ನೋಡುವ" ಎಂದರೆ ಟೀಚರ್, "ನಾಳೆ ಅಂದವನ ಮನೆ ಹಾಳು" ಎಂದು ಗದರುತ್ತಿದ್ದರು. ವೆಲ್ಡಿಂಗ್ ಸೋರಿತು, ಗಾಜು ಒಡೆಯಿತು, ನನ್ನ ಗಿರಾಕಿಗಳು ಬೈದರು. ಅವರ ಓಡಾಟ ಮಾತ್ರ ನಿಲ್ಲಲಿಲ್ಲ.

ಎಲ್ಲವೂ ಸರಿಯಾದ ದಿನ ನನ್ನ ಬಳಿ ಹೊಸ ಗ್ಯಾಸ್ ಇರಲಿಲ್ಲ. ಕಂಕನಾಡಿಗೆ ಹೋಗಿ ತರಬೇಕಿತ್ತು, ಬೇಸಗೆಯ ಬಿಸಿಲು, ಟೀಚರ್ ಬೇರೆ ಬಾಗಿಲಲ್ಲಿ ಚಡಪಡಿಸುತ್ತಿದ್ದರು. ಗುಜರಿ ಫ್ರಿಜ್ಜುಗಳಿಂದ ಎಳೆದ ಗ್ಯಾಸನ್ನು ನಮ್ಮ ಕಸುಬಿನವರು ಒಂದು ಸಿಲಿಂಡರಿನಲ್ಲಿ ಕೂಡಿಡುವುದುಂಟು. ಗ್ಯಾಸ್ ಅಂದರೆ ಗ್ಯಾಸ್ ತಾನೇ ಎಂದು ಅದನ್ನೇ ಹಾಕಿದೆ.

ಗಾಜಿನ ಕಿಂಡಿಯಲ್ಲಿ ಹಸಿ ಹಿಮದಂಥದ್ದು ಕಟ್ಟುತ್ತ ಬಂದಾಗ ಟೀಚರ್ ನನ್ನ ತೋಳು ಹಿಡಿದುಕೊಂಡರು. ಉಪ್ಪುನೀರು ಬಸಿದೆವು, ಹಿಮವನ್ನು ತಣ್ಣೀರಿನಲ್ಲಿ ತುಸು ತೊಳೆದು ಕರಗಿಸಿದೆವು. ಉಪ್ಪಿದ್ದರೆ ನೀರನ್ನು ಬೆಳ್ಳಗಾಗಿಸುವ ಯಾವುದೋ ಔಷಧವನ್ನು ಟೀಚರ್ ಸ್ವಲ್ಪ ನೀರಿಗೆ ಒಂದು ಹನಿ ಹಾಕಿದರು. ಬಾವಿನೀರು ಹಾಲಾಗಿತ್ತು, ಇದು ಹೆಚ್ಚುಕಡಿಮೆ ತಿಳಿಯಾಗಿಯೇ ಉಳಿಯಿತು. ಅವರ ಮುಖ ನೋಡಬೇಕಿತ್ತು! ಗ್ಲಾಸ್ ಎತ್ತಿ ತುಟಿಯವರೆಗೆ ತಂದವರು ಹಾಗೇ ಕೆಳಗಿಟ್ಟರು. ನನ್ನ ಮೂಗಿಗೂ ಬಂತು, ಸುಟ್ಟ ಕಂಪ್ರೆಸರಿನ ನಾತ.

ಆಗ ಟೀಚರ್ ಸ್ಟೂಲಿನ ಮೇಲೆ ಕುಳಿತರು.

"ಉಪ್ಪು ಹೋಗ್ತದೆ, ಗ್ಯಾಸಿನ ನಾತ ಹೋಗುದಿಲ್ಲ. ಇದು ಕುಡಿಯುವ ನೀರಲ್ಲ ಅಶ್ರಫ್. ಮಕ್ಕಳಿಗೆ ನಾನು ತಪ್ಪು ಹೇಳಿದೆ."

ತಪ್ಪು ಅವರದ್ದಲ್ಲ, ನನ್ನ ಸಿಲಿಂಡರಿನದ್ದು. ಮೋಟರ್ ಸುಟ್ಟ ಫ್ರಿಜ್ಜಿನ ಗ್ಯಾಸ್ ಎಣ್ಣೆಯ ಸಮೇತ ಅದರಲ್ಲಿತ್ತೆಂದು ನನ್ನ ಮೂಗು ಆ ಕ್ಷಣವೇ ಹೇಳಿತ್ತು. ಆದರೆ ನಾಲಿಗೆ ಏಳಲಿಲ್ಲ. ಅಷ್ಟು ತಿಂಗಳ ಶ್ರಮವನ್ನು ನನ್ನ ಸೋಮಾರಿತನ ಕೆಡಿಸಿತೆಂದು ಹೇಗೆ ಹೇಳಲಿ? ನಾಳೆ ಹೇಳುವ ಎಂದುಕೊಂಡೆ. ಶಾಲೆ ತೆರೆದ ವಾರವೇ ಟೀಚರ್ ಹೋಗಿ, ಆ ನೀರು ಕುಡಿಯಲಾಗದು, ತಾನು ಹೇಳಿದ್ದು ತಪ್ಪು ಎಂದು ಮಕ್ಕಳ ಕ್ಷಮೆ ಕೇಳಿ ಬಂದರು. ಅದನ್ನು ಕೇಳಿದ ಮೇಲೆ ನನಗೆ ಒಂದು ಕಡೆ ನೆಮ್ಮದಿಯಿಂದ ಕೂರಲಾಗುತ್ತಿರಲಿಲ್ಲ.

ಕೊನೆಗೆ ಹಂಪನಕಟ್ಟೆಯಲ್ಲಿ ಸಿಕ್ಕಿದರು, ಬಸ್ಸಿನ ಮೆಟ್ಟಿಲ ಮೇಲೆ. "ಎಂತ ಅಶ್ರಫ್, ಮುಖ ಯಾಕೆ ಹಾಗೆ ಉಂಟು?"

"ಒಂದು ವಿಷಯ ಹೇಳ್ಲಿಕ್ಕಿತ್ತು ಟೀಚರ್."

"ಹೇಳು, ಹೇಳು, ಬಸ್ ಬಿಡ್ತದೆ."

"ಎಂತದ್ದೂ ಅರ್ಜೆಂಟಿಲ್ಲ. ಅಂಗಡಿಗೆ ಬನ್ನಿ, ಹೇಳ್ತೇನೆ."

ಕಂಡಕ್ಟರ್ ಸೀಟಿ ಊದಿದ. ಟೀಚರ್ ಅಂಗಡಿಗೆ ಬರಲಿಲ್ಲ. ಆ ಭಾನುವಾರ ಇಗರ್ಜಿಯಿಂದ ಮನೆಗೆ ನಡೆದು ಬರುವಾಗ ಎದೆ ಹಿಡಿದು ಬಿದ್ದವರು ಮತ್ತೆ ಏಳಲಿಲ್ಲ.

ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಅವರ ಶಾಲೆಯ ಹೆಡ್‌ಮಾಸ್ಟರರನ್ನು ಕೇಳಿಕೊಂಡು ಆ ಮಕ್ಕಳ ಎದುರು ನಿಂತೆ. "ಟೀಚರ್ ಕಲಿಸಿದ್ದು ಸರಿ ಉಂಟು. ಗ್ಯಾಸ್ ಕೊಳಕು ಇತ್ತು. ಅದನ್ನು ಹಾಕಿದ್ದು ನಾನು. ನಾನು ಅವರಿಗೆ ಹೇಳ್ಲಿಲ್ಲ" ಎಂದೆ. ಆಮೇಲೆ ಹುಡುಗಿಯೊಬ್ಬಳು ಎದ್ದು, "ಹಾಗಾದ್ರೆ ಹೊಸ ಗ್ಯಾಸಲ್ಲಿ ಪುನಃ ಮಾಡಿ ನೋಡಿದ್ರಾ?" ಎಂದು ಕೇಳಿದಳು.

ಇಲ್ಲ ಎಂದೆ. ಹೊಸ ಸಿಲಿಂಡರ್ ತಂದು ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಆ ನೀರು ನಾತವಿಲ್ಲದೆ ಬಂದರೆ ಅದನ್ನು ಯಾರಿಗೆ ಕೊಡಲಿ ಎಂದು ತಿಳಿಯದೆ ಇನ್ನೂ ವಾಲ್ವ್ ತಿರುಗಿಸಿಲ್ಲ.