ಕವಂದಿಯ ನಾಲ್ಕು ಮೂಲೆ

"ಯಾ ದೇಶದಾಕಿಯವ್ವ ನೀ?"

ಮನಗೂಳಿ ಹತ್ತಿರದ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ಅದು ನನ್ನ ಮೊದಲ ದಿನ. ಮೊಮ್ಮಗನಿಗೆ ಲಸಿಕೆ ಹಾಕಿಸಲು ಬಂದ ಮುದುಕರೊಬ್ಬರು ಮಗುವನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತು ಕೇಳಿದರು. "ಯಲ್ಲಾಪುರ ಕಡೆಯವಳು ಅಜ್ಜ" ಎಂದೆ. ಅವರು ನನ್ನ ಮುಖವನ್ನೂ ಗುಂಗುರು ಕೂದಲನ್ನೂ ಇನ್ನೊಮ್ಮೆ ನೋಡಿ, "ವಿಮಾನದಾಗ ಎಷ್ಟ ತಾಸಿನ ಹಾದಿ ಐತಿ?" ಎಂದರು. ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. "ಬಸ್ಸಿನಲ್ಲಿ ಒಂದು ಹಗಲು" ಎಂದು ಹೇಳಿ ಸೂಜಿ ಕೈಗೆತ್ತಿಕೊಂಡೆ.

ನಾನು ಸಿದ್ದಿ. ನೂರಾರು ವರ್ಷಗಳ ಹಿಂದೆ ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ಗುಲಾಮಗಿರಿ ಸಾಕೆನಿಸಿ ಓಡಿಬಂದವರು ಉತ್ತರ ಕನ್ನಡದ ಕಾಡು ಸೇರಿದರು. ಓದುವ ನಿಮಗೆ ಇದು ಗೊತ್ತಿರುವ ಮಾತೇ, ಊರಲ್ಲಿ ಇದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಉಳಿಯಲು ಬಂದ ಬಸವನ ಬಾಗೇವಾಡಿಯಲ್ಲಿ ಮಾತ್ರ ಬದನೆಕಾಯಿ ಕೊಳ್ಳುವ ಮೊದಲು ನಾನು ಚರಿತ್ರೆಯ ಪಾಠ ಒಪ್ಪಿಸಬೇಕಾಗಿತ್ತು.

ಮನೆ ಹುಡುಕುವಾಗ ಇನ್ನೂ ಕಷ್ಟವಾಯಿತು. ಫೋನಿನಲ್ಲಿ ಖಾಲಿಯಿದ್ದ ಮೂರು ಮನೆಗಳು ನನ್ನ ಮುಖ ಕಂಡ ಕೂಡಲೇ ಭರ್ತಿಯಾದವು. ನಾಲ್ಕನೆಯದು ಇಂದಿರಾಬಾಯಿಯವರದು. ನಿವೃತ್ತ ಶಿಕ್ಷಕಿ, ಮಡಿವಂತ ವೈಷ್ಣವರು. ಮನೆಯೊಳಗೆ ಮರಾಠಿ, ಅಂಗಳದಲ್ಲಿ ಕನ್ನಡ. "ಮೀನ, ಮಾಂಸ ಮಾಡ್ತೀಯೇನು?" ಎಂದಷ್ಟೇ ಕೇಳಿದರು. ಮಾಡುವುದಿಲ್ಲ ಎಂದೆ. "ಹಂಗಾದ್ರ ಬಾ." ಅವರು ಯಾವ ದೇಶ ಎಂದು ಕೇಳಲಿಲ್ಲ. ಆ ಉಪಕಾರಕ್ಕೆ ನಾನು ಮೀನು ಬಿಟ್ಟೆ.

ನಮ್ಮಲ್ಲಿ ಗಂಜಿ, ಇಲ್ಲಿ ಜೋಳದ ರೊಟ್ಟಿ. ನಾನು ತಟ್ಟಿದ ರೊಟ್ಟಿ ತಿಂಗಳು ಕಳೆದರೂ ಹರಿದೇ ಏಳುತ್ತಿತ್ತು. ಇಲ್ಲಿಯವರು ಕ್ಷೇಮ ಕೇಳುವುದೂ ನನಗೆ ಜಗಳದ ಹಾಗೆ ಕೇಳಿಸುತ್ತಿತ್ತು. ಇವೆಲ್ಲ ನನ್ನ ಪಾಡು, ಹೇಗೋ ನಿಭಾಯಿಸುತ್ತಿದ್ದೆ. ಚಿಂತೆಯಿದ್ದದ್ದು ಆರು ವರ್ಷದ ಮಗಳು ಅಂಜುವಿನದು. ಶಾಲೆಯಲ್ಲಿ ಮಕ್ಕಳು ಅವಳ ಕೂದಲು ಮುಟ್ಟಿ ನೋಡುತ್ತಿದ್ದರು. ಅವಳು ಅಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಲಾರಿ ಓಡಿಸುವ ನನ್ನ ಗಂಡ ಊರಲ್ಲೇ ಉಳಿದಿದ್ದ. ದಸರೆಯೊಳಗೆ ಮಗು ಹೊಂದಿಕೊಳ್ಳದಿದ್ದರೆ ನೌಕರಿ ಬಿಟ್ಟು ಬರುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದೆ. ನಮ್ಮ ಕೇರಿಯಲ್ಲಿ ಸರ್ಕಾರಿ ನೌಕರಿ ಸಿಕ್ಕ ಮೊದಲ ಹೆಂಗಸು ನಾನು, ಬಿಡುವುದು ಸುಲಭವಿರಲಿಲ್ಲ.

ಅಂಜು ನಿದ್ದೆ ಮಾಡುತ್ತಿದ್ದದ್ದು ನನ್ನ ಆಯಿ, ಅಂದರೆ ತಾಯಿ, ಹೊಲಿದ ಕವಂದಿಯಲ್ಲಿ. ಬಾಗೇವಾಡಿಯವರ ಕೌದಿಗೂ ನಮ್ಮ ಕವಂದಿಗೂ ಹಳೆಯ ಬಟ್ಟೆಯೇ ಬೇಕು. ಆದರೆ ಇಲ್ಲಿಯ ಹೊಲಿಗೆ ನೇರ ಸಾಲು, ಅಂಚು ಚೊಕ್ಕ. ನಮ್ಮದು ಮೂಲೆಯಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಕೊನೆಗೆ ನಾಲ್ಕೂ ಮೂಲೆಗೆ ಮೂರು ಮೂಲೆಯಾಗಿ ಮಡಚಿದ ಬಣ್ಣದ ಚೂರುಗಳನ್ನು ಹೊಲಿಯುತ್ತೇವೆ. ಅದಕ್ಕೆ ಫುಲಾ, ಅಂದರೆ ಹೂ, ಎನ್ನುತ್ತೇವೆ. ಅಂಜು ಒಂದು ಫುಲಾವನ್ನು ಮುಷ್ಟಿಯಲ್ಲಿ ಹಿಡಿದೇ ಕಣ್ಣು ಮುಚ್ಚುತ್ತಿದ್ದಳು.

ಒಂದು ಸಂಜೆ ನಾವು ಮನೆಗೆ ಬಂದಾಗ ಇಂದಿರಾಬಾಯಿ ಕವಂದಿಯನ್ನು ಒಗೆದು, ಒಣಗಿಸಿ, ಮಡಚಿ ಇಟ್ಟುಕೊಂಡು ಕಾಯುತ್ತಿದ್ದರು. "ನೋಡವ್ವ, ಹೆಂಗ ಸ್ವಚ್ಛ ಆಗ್ಯದ! ಮೂಲ್ಯಾಗ ಚಿಂದಿ ಜೋತುಬಿದ್ದಿದ್ವು. ಕತ್ತರಿಸಿ ನೆಟ್ಟಗ ಮಾಡೀನಿ." ಚಿಂದಿ ಎಲ್ಲಿ ಎಂದು ಕೇಳಿದರೆ, ಕಸದ ಗಾಡಿ ಒಯ್ದಿತ್ತು.

ಅಂಜು ಖಾಲಿ ಮೂಲೆ ಹಿಡಿದು ಅತ್ತಳು. "ಮನೆಗೆ ಹೋಗೋಣ" ಎಂದಳು. ನನಗೂ ತಲೆ ಕೆಟ್ಟಿತು. ಕೂತು ರಾಜೀನಾಮೆ ಪತ್ರ ಬರೆದೆ. ಕವಂದಿಯ ಫೋಟೋ ತೆಗೆದು ನಮ್ಮ ಸಿದ್ದಿ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿ, "ಇನ್ನು ನಾವು ಇಲ್ಲಿರುವುದಿಲ್ಲ" ಎಂದು ಬರೆದೆ.

ಆ ಗುಂಪು ನಮಗೆ ಕೇರಿಯಿದ್ದಂತೆ. ಯಾರಿಗೆ ರಕ್ತ ಬೇಕು, ಯಾವ ಹಾಸ್ಟೆಲಿನಲ್ಲಿ ಜಾಗವಿದೆ, ಯಾರ ಮದುವೆಗೆ ದಮಾಮಿ, ಅಂದರೆ ನಮ್ಮ ಚರ್ಮವಾದ್ಯ, ಬಾರಿಸುವವರು ಬೇಕು, ಎಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಕಾಲೇಜು ಹುಡುಗಿಯೊಬ್ಬಳು ಅಮೆರಿಕದ ಕಪ್ಪು ಹೆಂಗಸರು ಹೊಲಿದ ಕೌದಿಗಳ ಚಿತ್ರ ಹಾಕಿದಾಗ ನನ್ನ ಆಯಿ, "ಇವರು ಯಾವ ಕೇರಿಯವರು? ಕೈ ನಮ್ಮದೇ ಇದೆ" ಎಂದಿದ್ದಳು.

ನನ್ನ ಫೋಟೋಗೆ ಉತ್ತರಗಳು ಸುರಿದವು. ಮನೆ ಬಿಡು ಎಂದರು ಕೆಲವರು, ದುಡುಕಬೇಡ ಎಂದರು ಕೆಲವರು. ಅಷ್ಟರಲ್ಲಿ ಆಯಿಯೇ ವಿಡಿಯೋ ಕರೆ ಮಾಡಿದಳು. ಇಂದಿರಾಬಾಯಿ ಅಂಜುವಿಗೆಂದು ಹಚ್ಚಿದ ಅವಲಕ್ಕಿ ಹಿಡಿದು ಬಾಗಿಲಿಗೆ ಬಂದಿದ್ದರು. ಆಯಿ ನಮ್ಮ ಕೊಂಕಣಿ ಬೆರೆತ ಸಿದ್ದಿ ಮಾತಿನಲ್ಲಿ ಕೂಗಿದಳು: "ಕವಂದಿ ನಾಗ್ಡಿ ಝಾಲಿ!"

ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಮರಾಠಿ ಬಲ್ಲ ಇಂದಿರಾಬಾಯಿಗೆ ಅದು ನೇರ ತಾಗಿತು. ತಟ್ಟೆ ಕೆಳಗಿಟ್ಟು ಬಾಯಿಗೆ ಕೈ ಹಿಡಿದರು. "ಅಯ್ಯ ದೇವರ, ಕೂಸಿನ ಕೌದಿ ಬೆತ್ತಲೆ ಮಾಡಿಬಿಟ್ಟೆನೇನ ನಾ?"

ಫೋನು ನನ್ನ ಕೈ ಬಿಟ್ಟು ಅವರ ಕೈ ಸೇರಿತು. ಇವರು ಮರಾಠಿಯಲ್ಲಿ, ಅವಳು ಸಿದ್ದಿ ಮಾತಿನಲ್ಲಿ. ಅರ್ಧ ಗಂಟೆ ಇಬ್ಬರು ಮುದುಕಿಯರ ನಡುವೆ ನನಗೆ ಜಾಗವೇ ಇರಲಿಲ್ಲ. ಆಯಿ ತೀರ್ಪು ಕೊಟ್ಟಳು: ಕತ್ತರಿಸಿದ ಕೈಯೇ ಹೊಲಿಯಬೇಕು. ಬಟ್ಟೆ ಹೊಸದಾಗಬಾರದು, ನಮ್ಮವರು ಉಟ್ಟು ಹಳತಾದದ್ದೇ ಆಗಬೇಕು.

ಕಂಡವರು ಉಟ್ಟ ಬಟ್ಟೆ ಮಡಿಯವರಿಗೆ ಮೈಲಿಗೆ. ಇಂದಿರಾಬಾಯಿ ತಾವೇ ದಾರಿ ಮಾಡಿಕೊಂಡರು. "ಮಡಿ ಮುಂಜಾನೆ ಪೂಜಾಕ್ಕ ಅದ. ಮಧ್ಯಾಹ್ನ ಹೊಲೀತೀನಿ. ಸಂಜೀಕ ಮತ್ತ ಸ್ನಾನ ಮಾಡ್ತೀನಿ, ಅಷ್ಟ." ಸ್ನಾನದ ಮಾತು ನನಗೆ ಚುಚ್ಚಿತು, ಸುಳ್ಳೇಕೆ ಹೇಳಲಿ. ಆದರೆ ತಮ್ಮ ಕಟ್ಟಳೆಯನ್ನು ನಮಗಾಗಿ ಅಷ್ಟು ಸರಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ವಾರದೊಳಗೆ ಹಳಿಯಾಳ, ಮುಂಡಗೋಡ, ಕಲಘಟಗಿಗಳಿಂದ ಪಾಕೀಟುಗಳು ಬಂದವು. ಸೀರೆ, ಲುಂಗಿ, ಲಂಗಗಳ ಚೂರುಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಇಂದಿರಾಬಾಯಿ ಕನ್ನಡಕ ಏರಿಸಿ ಅಂಗಳದಲ್ಲಿ ಹೊಲಿಯಲು ಕೂತರು. ಗೋಡೆಗೆ ಒರಗಿಸಿದ ಫೋನಿನಿಂದ ಆಯಿ ಗದರುತ್ತಿದ್ದಳು. ಜೀವನವಿಡೀ ಮಕ್ಕಳ ತಪ್ಪು ತಿದ್ದಿದ ಶಿಕ್ಷಕಿ ಮೂರು ಸಲ ಬಿಚ್ಚಿ ಹೊಲಿದರು.

ರಜಾದಿನ. ಓಣಿಯ ಮಕ್ಕಳು ನೋಡಲು ಮುತ್ತಿದರು. ಅಂಜುವಿನ ತರಗತಿಯ ಸವಿತಾ ಒಂದು ಚೂರು ಎತ್ತಿ, "ಇದು ಯಾರದ?" ಎಂದಳು.

"ಮುಂಡಗೋಡ ಚಿಕ್ಕಮ್ಮಂದು" ಎಂದಳು ಅಂಜು. ಆಮೇಲೆ ಬಾಯಿ ನಿಲ್ಲಲೇ ಇಲ್ಲ. ಇದು ದಮಾಮಿ ಬಾರಿಸುವ ಮಾವಂದು, ಇದು ಅಜ್ಜಿದು. ಸವಿತಾ ಮನೆಗೆ ಓಡಿ ತನ್ನ ಹಳೆ ಫ್ರಾಕಿನ ತುಂಡು ತಂದಳು. "ನಂದೂ ಹಚ್ಚರಿ." ನಮ್ಮವರದೇ ಬೇಕು ಎಂದಿದ್ದ ಆಯಿಯತ್ತ ಇಂದಿರಾಬಾಯಿ ತಿರುಗಿದರು. ಫೋನಿನಿಂದ ಆಯಿ ಹೇಳಿದಳು: "ಹಚ್ಚು. ಕೂಸಿಗೆ ಅವಳೂ ಬೇಕಲ್ಲ."

ಮರುದಿನ ಅಂಜು ಅಳದೆ ಶಾಲೆಗೆ ಹೋದಳು, ಅದರ ಮರುದಿನವೂ ಹೋದಳು. ನಾನು ಪತ್ರ ಹರಿದು ಹಾಕಿದೆ. ಅಂದು ತಟ್ಟಿದ ರೊಟ್ಟಿಯೂ ಹರಿಯಲಿಲ್ಲ.

ದಸರೆ ರಜೆಗೆ ಊರಿಗೆ ಹೋದೆವು. ಆಯಿ ಮೀನು ಸಾರು ಮಾಡಿದ್ದಳು. ನಾನು ನಾಚಿಕೆಯಿಲ್ಲದೆ ಮೂರು ಸಲ ಬಡಿಸಿಕೊಂಡೆ. ಅಂಜು ಅಂಗಳದಲ್ಲಿ ನಿಂತು, ಕತ್ತೆತ್ತಿ ಸುತ್ತಲ ಮರಗಳ ತುದಿ ನೋಡಿ ಕೇಳಿದಳು: "ಅಜ್ಜಿ, ಇಲ್ಲಿ ಆಕಾಶ ಯಾಕ ಇಷ್ಟ ಸಣ್ಣದ ಐತಿ?"

ಆಯಿ ಬಿದ್ದು ಬಿದ್ದು ನಕ್ಕಳು. ಕಣ್ಣೊರೆಸಿಕೊಂಡು, "ಎಷ್ಟು ದಿನ ಇರುತ್ತೀರಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅಂಜು ಹೇಳಿದಳು: "ಸೋಮವಾರ ನಮ್ಮೂರಿಗೆ ಹೋಗ್ತೇವಿ."

ಮಗಳ ಬಾಯಿಂದ ಆ ಮಾತು ಬರಲೆಂದು ನಾಲ್ಕು ತಿಂಗಳು ಹರಸಿಕೊಂಡಿದ್ದೆ. ಬಂದಾಗ ಆಯಿಯ ಮುಖ ನೋಡಲಾಗಲಿಲ್ಲ.