ಅಕ್ಷರ ಇರುವ ತುದಿ ಕೆತ್ತಬೇಡಿ

ಬೆಳಗಿನ ಐದೂ ನಲವತ್ತು. ದೋಹಾದ ಅಲ್ ಸದ್ದ್‌ನ ಒಳರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಸ್ಟೇಷನರಿ ಅಂಗಡಿಯೊಂದರ ಮುಂದೆ ಆಗಲೇ ಮೂರು ಕಾರುಗಳು ಇಂಡಿಕೇಟರ್ ಮಿನುಗಿಸುತ್ತ ನಿಂತಿವೆ. ಒಸ್ವಾಲ್ಡ್ ಲೋಬೊ ಷಟರನ್ನು ಸೊಂಟದ ಮಟ್ಟಕ್ಕೆ ಎತ್ತಿ ಬಗ್ಗಿ ಒಳಗೆ ನುಸುಳುತ್ತಾರೆ. ದೀಪ ಹಾಕುವಷ್ಟರಲ್ಲಿ ಅವರ ಬೆನ್ನ ಹಿಂದೆಯೇ ಇನ್ನೊಬ್ಬರು ನುಸುಳಿ ಬಂದಾಗಿದೆ. ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ, ಕೈಯಲ್ಲಿ ಕಿರುಬೆರಳಿನಷ್ಟುದ್ದದ ಪೆನ್ಸಿಲ್ ತುಂಡು.

"ಅಂಕಲ್, ಇದೇ ಥರದ್ದು ಇನ್ನೊಂದು ಕೊಡಿ. ಬೇಗ, ಮಗನ ಬಸ್ ಬಂದ್ಬಿಡತ್ತೆ."

ಒಸ್ವಾಲ್ಡ್ ತುಂಡನ್ನು ದೀಪದ ಕೆಳಗೆ ಹಿಡಿದು ಸುತ್ತಲೂ ತಿರುಗಿಸಿ ನೋಡುತ್ತಾರೆ. ನಂಬರಿಲ್ಲ, ಅಕ್ಷರವಿಲ್ಲ.

"ಇದೇ ತರದ್ದು ಅಂದ್ರೆ ಯಾವ ತರದ್ದು ಮಾರಾಯ್ರೆ? ನಂಬರ್ ಬರೆದ ತುದಿಯನ್ನೇ ಶಾರ್ಪ್ ಮಾಡಿದ್ದೀರಲ್ಲ. ಹೋದ ವಾರವೂ ಹೇಳಿದ್ದೆ."

ಬಂದವರು ಬೆಂಗಳೂರಿನ ವೆಂಕಟರಾಮು, ಇಲ್ಲಿ ದೊಡ್ಡ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್. ಇಡೀ ದಿನ ಬೇರೆಯವರ ತಲೆಗೆ ಹೆಲ್ಮೆಟ್ ಹಾಕಿಸುವುದೇ ಅವರ ಕೆಲಸ. ಮನೆಯಲ್ಲಿ ಮಗನ ಪೆನ್ಸಿಲ್ ಯಾವ ತುದಿಯಿಂದ ಸವೆಯುತ್ತಿದೆ ಎಂದು ನೋಡಲು ಮಾತ್ರ ಪುರುಸೊತ್ತಿಲ್ಲ. ಒಸ್ವಾಲ್ಡ್ ನಿಟ್ಟುಸಿರು ಬಿಟ್ಟು ರಟ್ಟಿನ ಚೂರೊಂದರ ಮೇಲೆ ಆ ತುಂಡಿನಿಂದ ಹೆಬ್ಬೆರಳಗಲದ ಚೌಕವನ್ನು ಮೂರು ಸಲ ಮೆಲ್ಲಗೆ ತೀಡುತ್ತಾರೆ. ಗೋಡೆಗೆ ಅಂಟಿಸಿದ ಪಟ್ಟಿಯ ಪಕ್ಕ ಅದನ್ನು ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ಪಟ್ಟಿಯಲ್ಲಿ ಹನ್ನೊಂದು ಚೌಕಗಳಿವೆ, ಮಾಸಲು ಬೂದಿಯಿಂದ ಕಡುಕಪ್ಪಿನವರೆಗೆ. ಅವರೇ ತೀಡಿ ಮಾಡಿದ್ದು.

"4ಬಿ," ಎಂದು ಡ್ರಾಯರಿನಿಂದ ಹೊಸದೊಂದನ್ನು ತೆಗೆದು ಕೊಡುತ್ತಾರೆ. "ಇನ್ನು ಅಕ್ಷರ ಇರುವ ತುದಿ ಮುಟ್ಟಬೇಡಿ, ಆಯ್ತಾ?"

"ಆಯ್ತು ಅಂಕಲ್" ಎನ್ನುವಾಗಲೇ ವೆಂಕಟರಾಮು ಷಟರಿನ ಆಚೆಗಿದ್ದಾರೆ.

ಒಸ್ವಾಲ್ಡ್ ಅವರಿಗೆ ಈಗ ಅರವತ್ತೊಂದು. ಊರು ಕರಾವಳಿಯ ಕಿನ್ನಿಗೋಳಿ. 1993ರಲ್ಲಿ ದೋಹಾಕ್ಕೆ ಬಂದದ್ದು ಡ್ರಾಫ್ಟ್ಸ್‌ಮನ್ ಆಗಿ. ಎದೆಮಟ್ಟದ ಓರೆ ಮೇಜಿನ ಮೇಲೆ ಟ್ರೇಸಿಂಗ್ ಕಾಗದ ಹರಡಿ, ಗಟ್ಟಿ ಪೆನ್ಸಿಲ್ ಹಿಡಿದು ಕಟ್ಟಡಗಳ ನಕ್ಷೆ ಎಳೆಯುವ ಕೆಲಸ. "ಈ ಊರಿನ ಎಷ್ಟೋ ಬಿಲ್ಡಿಂಗಿನ ಮೆಟ್ಟಿಲು ಮೊದಲು ಇಳಿದದ್ದು ನನ್ನ 2ಎಚ್ ಪೆನ್ಸಿಲಿನಿಂದ" ಎನ್ನುತ್ತಾರೆ. ಆಮೇಲೆ ಕಂಪ್ಯೂಟರ್ ಬಂತು. ಅದನ್ನೂ ಕಲಿತರು. ಆದರೆ ಪರದೆ ನೋಡಿ ನೋಡಿ ಕಣ್ಣು ಉರಿಯತೊಡಗಿತು, ಪಕ್ಕದಲ್ಲಿ ಕುಳಿತ ಹೊಸಬರು ಅವರಿಗಿಂತ ಮೂರು ಪಟ್ಟು ವೇಗ. 2009ರಲ್ಲಿ ಓರೆ ಮೇಜಿನ ಜೊತೆ ಅವರನ್ನೂ ಆಫೀಸಿನಿಂದ ಹೊರಗೆ ಕಳಿಸಿದರು. ಅಂದಿನಿಂದ ಈ ಅಂಗಡಿಯಲ್ಲಿ ಸೇಲ್ಸ್‌ಮನ್. ಊರಿನಲ್ಲಿರುವ ಹೆಂಡತಿ ಜೆಸಿಕಾ ಫೋನಿನಲ್ಲಿ ಕೊಂಕಣಿಯಲ್ಲಿ ಕೇಳುತ್ತಾರಂತೆ, ಪೆನ್ಸಿಲಿಗೆ ಜಗಳ ಮಾಡಲು ಅಷ್ಟು ದೂರ ಹೋಗಬೇಕಿತ್ತೇ ಎಂದು.

ಜಗಳವೆಲ್ಲ ಇರುವುದು ಕೌಂಟರಿನ ಕೆಳಗಿನ ಆ ಡ್ರಾಯರಿನಲ್ಲಿ. ರಟ್ಟು ಕತ್ತರಿಸಿ ಅವರೇ ಹನ್ನೊಂದು ಖಾನೆ ಮಾಡಿದ್ದಾರೆ, 4ಎಚ್‌ನಿಂದ 8ಬಿವರೆಗೆ, ಹೆಚ್ಚು ಖರ್ಚಾಗುವ ನಂಬರುಗಳಿಗೆ ಮಾತ್ರ. ಎಲ್ಲವೂ ಬಿಡಿ ಪೆನ್ಸಿಲ್. ಒಂದು ಬೇಕಾದವರು ಒಂದೇ ಕೊಳ್ಳಬಹುದು. ಸರಕು ಬಂದ ದಿನ ಪ್ರತಿಯೊಂದರ ಬುಡ ನೋಡುತ್ತಾರೆ. ಸೀಸದ ಕಡ್ಡಿ ಮರದ ನಟ್ಟನಡುವೆ ಇಲ್ಲದಿದ್ದರೆ ಕೆತ್ತುವಾಗ ಮುರಿದೇ ಮುರಿಯುತ್ತದೆ, ಅಂಥದ್ದು ವಾಪಸ್. ಗಾಜಿನ ಮೇಲೆ ಉರುಳಿಸಿ, ಡೊಂಕಾಗಿರುವುದನ್ನೂ ಬೇರೆ ಇಡುತ್ತಾರೆ. ಕೊಳ್ಳುವವರು ರಟ್ಟಿನ ಚೂರಿನ ಮೇಲೆ ಒಂದು ಚೌಕ ತೀಡಿ ನೋಡಲೇಬೇಕು. ಬೆಳಗಿನ ಆರು ಗಂಟೆಗೆ ತೀಡು ಎಂದರೆ ಯಾರಿಗೆ ತಾನೆ ಸಹನೆ? ಆದರೂ ಬಿಡುವುದಿಲ್ಲ.

"ಎಚ್ ಅಂದ್ರೆ ಗಟ್ಟಿ, ಬಿ ಅಂದ್ರೆ ಮೆತ್ತಗೆ, ಕಪ್ಪು. ನಂಬರ್ ಜಾಸ್ತಿ ಆದ್ರೆ ಆ ಗುಣ ಜಾಸ್ತಿ ಆಗುದು, ಕ್ವಾಲಿಟಿ ಜಾಸ್ತಿ ಆಗುದಲ್ಲ. ಇಷ್ಟೇ ಉಂಟು ವಿಷಯ. ಇಷ್ಟನ್ನು ಹದಿನಾರು ವರ್ಷದಿಂದ ಹೇಳ್ತಾ ಇದ್ದೇನೆ, ಇನ್ನೂ ಮುಗೀಲಿಲ್ಲ. ಸ್ಕೆಚ್ ಹಾಕ್ಲಿಕ್ಕೆ ಎಚ್‌ಬಿ ಸಾಕು. ಶೇಡಿಂಗಿಗೆ 2ಬಿ, 4ಬಿ, ಕತ್ತಲೆ ಜಾಗಕ್ಕೆ 6ಬಿ. ನಾಲ್ಕರಲ್ಲಿ ಪ್ರಪಂಚ ಬರೀಬಹುದು. ಆದ್ರೆ ಬರುವವರಿಗೆಲ್ಲ ಇಪ್ಪತ್ನಾಲ್ಕರ ಡಬ್ಬಿಯೇ ಬೇಕು. ಅದರಲ್ಲಿ ಇಪ್ಪತ್ತು ಪೆನ್ಸಿಲ್ ಡಬ್ಬಿ ಒಳಗೇ ಮುದಿಯಾಗ್ತವೆ."

ಶಾಲೆ ಇರುವ ದಿನಗಳಲ್ಲಿ ಏಳು ಗಂಟೆಯೊಳಗೆ ಅರವತ್ತರ ಹತ್ತಿರ ಜನ ಬರುತ್ತಾರೆ. ಅರ್ಧಕ್ಕರ್ಧ ಮಂದಿಗೆ ಪೆನ್ಸಿಲ್ ಬೇಕು. ದಿನಕ್ಕೆ ಏಳೆಂಟು ಜನ ಅಕ್ಷರ ಕಳೆದುಕೊಂಡ ತುಂಡು ಹಿಡಿದು ಬರುತ್ತಾರೆ. 10ಬಿ ಎಂದರೆ ಹತ್ತನೇ ತರಗತಿಯ ಪೆನ್ಸಿಲ್ ಎಂದುಕೊಂಡ ತಂದೆಯೂ ಬಂದದ್ದುಂಟು. ಅವರನ್ನು ನೆನೆದಾಗಲೆಲ್ಲ ಒಸ್ವಾಲ್ಡ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಾರೆ.

ಫೆಬ್ರವರಿಯ ಈ ವಾರ ಅವರ ಸಿಡುಕಿಗೆ ಹೊಸ ಕಾರಣವಿದೆ. ಅಂಗಡಿಯ ಮ್ಯಾನೇಜರ್ ರಾಕೇಶ್, ಮೈಸೂರಿನವರು, ಬಂದು ಎರಡು ವರ್ಷವಾಯಿತು. ಅವರು ತಂದ ಹೊಸ ಬಿಲ್ಲಿಂಗ್ ಸಿಸ್ಟಮ್‌ನಲ್ಲಿ ಬಾರ್‌ಕೋಡ್ ಇಲ್ಲದ ವಸ್ತು ಇಲ್ಲವೇ ಇಲ್ಲ. ಬಿಡಿ ಪೆನ್ಸಿಲಿಗೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ಗುರುವಾರ ಡ್ರಾಯರ್ ಖಾಲಿ ಮಾಡಿ ಸರಬರಾಜುದಾರರಿಗೆ ವಾಪಸ್ ಕಳಿಸುವುದು, ಮುಂದೆ ಸೀಲ್ ಮಾಡಿದ ಡಬ್ಬಿ ಮಾತ್ರ ಮಾರುವುದು ಎಂದು ಅವರು ತೀರ್ಮಾನಿಸಿದ್ದಾರೆ. ಅದಕ್ಕೆ ಒಗ್ಗರಣೆಯಂತೆ ಬಂದದ್ದು ಇಂಟರ್‌ನೆಟ್ಟಿನಲ್ಲಿ ಒಂದು ನಕ್ಷತ್ರದ ವಿಮರ್ಶೆ. ಇದೇ ಊರಿನ ಐನ್ ಖಾಲಿದ್‌ನ ಸಹನಾ ಎಂಬವರು ಬರೆದದ್ದು: ಮಗಳಿಗೆ ಇಪ್ಪತ್ನಾಲ್ಕರ ಡಬ್ಬಿ ಕೇಳಿದೆ, ಸೇಲ್ಸ್‌ಮನ್ ನಾಲ್ಕೇ ಸಾಕೆಂದು ವಾದಕ್ಕಿಳಿದರು, ಕೊನೆಗೆ ಮಾಲ್‌ಗೆ ಹೋಗಿ ಕೊಂಡೆ.

"ಅಂಕಲ್, ನಾವಿರೋದು ಮಾರಕ್ಕೆ. ಬೇಡ ಅಂತ ಹೇಳಕ್ಕಲ್ಲ," ಎಂದು ರಾಕೇಶ್ ಅದನ್ನು ಓದಿ ಹೇಳಿದ್ದರು.

"ಬೇಡ ಅಂತ ನಾನು ಹೇಳುದಿಲ್ಲ. ಎಂತಕ್ಕೆ ಬೇಕು ಅಂತ ಕೇಳುದು."

"ಅದನ್ನೂ ಕೇಳ್ಬೇಡಿ."

ಎರಡು ದಿನ ಅವರಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ನಡುವೆ ಸಿಕ್ಕಿಬಿದ್ದದ್ದು ಕ್ಯಾಷ್ ಕೌಂಟರಿನ ಶಬ್ನಮ್, ಉಳ್ಳಾಲದ ಹುಡುಗಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದೇ ಅವಳಿಗೆ ಕೆಲಸವಾಯಿತು. ಡ್ರಾಯರ್ ಹೋದರೆ ತನಗೇನು ಉಳಿಯುತ್ತದೆ ಎಂಬುದನ್ನು ಒಸ್ವಾಲ್ಡ್ ಅವಳಿಗೊಬ್ಬಳಿಗೇ ಹೇಳಿದ್ದಾರೆ. "ಡಬ್ಬಿ ತೆಗೆದು ಕೊಡ್ಲಿಕ್ಕೆ ಯಾರಾದ್ರೂ ಆಗ್ತದೆ. ಮೊದಲು ಮೇಜು ತೆಗೆದ್ರು, ಸುಮ್ಮನಿದ್ದೆ. ಈಗ ಇದು." ಹೀಗೆ ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತಂತೆ.

ಗುರುವಾರ ಬೆಳಿಗ್ಗೆ ರಾಕೇಶ್ ತಾವೇ ಐದೂವರೆಗೆ ಬಂದಿದ್ದಾರೆ. ಹನ್ನೊಂದು ಖಾನೆಗಳ ಪೆನ್ಸಿಲ್‌ಗಳನ್ನು ಹನ್ನೊಂದು ಕಟ್ಟು ಮಾಡಿ ಕಾರ್ಟನ್‌ಗೆ ತುಂಬಿ ಟೇಪ್ ಸುತ್ತಿದ್ದಾರೆ. ಒಸ್ವಾಲ್ಡ್ ಖಾಲಿ ಡ್ರಾಯರನ್ನು ನೋಡದೆ ಚಾರ್ಟ್ ಪೇಪರ್ ಸುರುಳಿ ಸುತ್ತುತ್ತಿದ್ದಾರೆ. ಆಗ ಓಡುನಡಿಗೆಯಲ್ಲಿ ಒಳಬರುತ್ತಾರೆ ತಾಯಿ, ಮಗಳು. ವಿಮರ್ಶೆ ಬರೆದ ಸಹನಾ ಅವರೇ. ಒಂಬತ್ತನೆಯ ತರಗತಿಯ ಸಂಜನಾಳ ಕೈಯಲ್ಲಿ ಉಬ್ಬಿದ ಪೌಚ್, ಕಣ್ಣು ತುಂಬಾ ನೀರು. ಇವತ್ತು ಏಳೂವರೆಗೆ ಚಿತ್ರಕಲೆಯ ಪ್ರಾಕ್ಟಿಕಲ್. ಬಸ್ ಬರಲು ಇಪ್ಪತ್ತು ನಿಮಿಷ.

ಪೌಚನ್ನು ಕೌಂಟರಿನ ಮೇಲೆ ಸುರಿದಾಗ ಇಪ್ಪತ್ನಾಲ್ಕು ಪೆನ್ಸಿಲ್ ಉರುಳುತ್ತವೆ. ಮಾಲ್‌ನ ಡಬ್ಬಿಯಲ್ಲಿ ಕೆತ್ತದೇ ಬಂದಿದ್ದ ಪೆನ್ಸಿಲ್‌ಗಳನ್ನು ನಿನ್ನೆ ಸಂಜೆ ಸಹನಾ ಟೀವಿ ನೋಡುತ್ತ ಒಂದೊಂದಾಗಿ ಚೂಪು ಮಾಡಿದ್ದಾರೆ. ಮೊನೆಗಳೇನೋ ಸೂಜಿಯಂತಿವೆ. ಆದರೆ ಇಪ್ಪತ್ನಾಲ್ಕನ್ನೂ ಅಕ್ಷರ ಇದ್ದ ತುದಿಯಿಂದಲೇ ಕೆತ್ತಿದ್ದಾರೆ.

"ಯಾವ ತುದಿ ಆದ್ರೇನು ಅನ್ಕೊಂಡೆ," ಎನ್ನುತ್ತಾರೆ ಸಹನಾ, ನೆಲ ನೋಡುತ್ತ. "ಈಗ ಯಾವುದು ಯಾವುದು ಅಂತಾನೇ ಗೊತ್ತಾಗ್ತಿಲ್ಲ. ನೀವು ಅವತ್ತು ಹೇಳಿದ ನಾಲ್ಕು ಕೊಟ್ಬಿಡಿ."

"ನಾಲ್ಕು ಈಗ ಮಾಫಿ," ಎಂದು ಇಲ್ಲಿನ ಅರಬಿಯಲ್ಲಿ ‘ಇಲ್ಲ’ ಹೇಳಿ ಒಸ್ವಾಲ್ಡ್ ಕಾರ್ಟನ್ ತೋರಿಸುತ್ತಾರೆ. "ಸಿಸ್ಟಮಿನಲ್ಲಿ ಇಲ್ಲ."

ರಾಕೇಶ್ ತಕ್ಷಣ ಕಪಾಟಿನಿಂದ ಇಪ್ಪತ್ನಾಲ್ಕರ ಸೀಲ್ ಮಾಡಿದ ಹೊಸ ಡಬ್ಬಿ ತೆಗೆದಿಡುತ್ತಾರೆ. ಸಹನಾ ಪರ್ಸ್ ಬಿಚ್ಚುತ್ತಾರೆ. ಯಾರೇ ಆದರೂ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಒಸ್ವಾಲ್ಡ್ ಡಬ್ಬಿಯನ್ನು ವಾಪಸ್ ರಾಕೇಶ್ ಕಡೆಗೇ ತಳ್ಳುತ್ತಾರೆ.

"ಕೈಯಲ್ಲಿ ಇಪ್ಪತ್ನಾಲ್ಕು ಉಂಟು. ಇನ್ನೂ ಇಪ್ಪತ್ನಾಲ್ಕು ಎಂತಕ್ಕೆ? ನನಗೆ ಹತ್ತು ನಿಮಿಷ ಕೊಡಿ."

ಬೇಗ ಮುಗಿಸಿ ಎಂದು ಅವಸರಿಸುತ್ತ ಸಾಲಿನ ಹಿಂದಿನಿಂದ ಯಾರೋ "ಯಲ್ಲಾ, ಯಲ್ಲಾ" ಎನ್ನುತ್ತಿದ್ದಾರೆ. ಒಸ್ವಾಲ್ಡ್ ಕೇಳಿಸಿಕೊಳ್ಳುವುದಿಲ್ಲ. ಮೊದಲು ಮೊನೆಗಳನ್ನಷ್ಟೇ ನೋಡುತ್ತಾರೆ. ಮೆತ್ತಗಿನ ಸೀಸ ದಪ್ಪ, ಗಟ್ಟಿಯದು ಸಪೂರ. ಕಾಗದವನ್ನು ಗೀರುವ ಹನ್ನೊಂದನ್ನು ಒಂದೊಂದು ಗೆರೆಯಲ್ಲೇ ಗುರುತಿಸಿ ಪಕ್ಕಕ್ಕೆ ಸರಿಸುತ್ತಾರೆ. ಉಳಿದ ಹದಿಮೂರರಿಂದ ರಟ್ಟಿನ ಮೇಲೆ ಹದಿಮೂರು ಚೌಕ ತೀಡಿ, ಕಣ್ಣು ಕಿರಿದು ಮಾಡಿ, ಕಡುಕಪ್ಪಿನಿಂದ ತಿಳಿಗೆ ಸಾಲಾಗಿ ಜೋಡಿಸುತ್ತಾರೆ. ಎರಡನ್ನು ಅದಲುಬದಲು ಮಾಡಿ, ತಲೆಯಲ್ಲಾಡಿಸಿ, ಮತ್ತೆ ಮೊದಲಿನ ಜಾಗಕ್ಕೇ ಇಡುತ್ತಾರೆ. ಡಬ್ಬಿಯಲ್ಲಿ ಪ್ರತಿ ನಂಬರಿನದೂ ಒಂದೊಂದೇ ಇರುವುದರಿಂದ ಇನ್ನು ಎಣಿಸಿದರಾಯಿತು. ಕಡುಕಪ್ಪಿನ 12ಬಿಯಿಂದ ಏಳನೆಯದು 6ಬಿ, ಒಂಬತ್ತನೆಯದು 4ಬಿ, ಹನ್ನೊಂದನೆಯದು 2ಬಿ, ಕಟ್ಟಕಡೆಯದು ಎಚ್‌ಬಿ.

ಬ್ಲೇಡಿನಿಂದ ಆ ನಾಲ್ಕರ ಮೊಂಡು ತುದಿಯ ಬಣ್ಣ ಹೆರೆದು, ಸಂಜನಾಳ ಕೈಯಿಂದಲೇ ಪೆನ್ನಿನಲ್ಲಿ ನಂಬರ್ ಬರೆಸುತ್ತಾರೆ. ಅವಳು ಬ್ಯಾಗಿನಿಂದ ಹಿತ್ತಾಳೆ ಚೆಂಬಿನ ಹಳೆಯ ಚಿತ್ರವೊಂದನ್ನು ಎಳೆದು ತೋರಿಸುತ್ತಾಳೆ.

"ಅಂಕಲ್, ಡಾರ್ಕ್ ಮಾಡಿದ್ರೆ ಶೈನ್ ಆಗ್ತದೆ. ಮ್ಯಾಮ್ ಮಾರ್ಕ್ಸ್ ಕಟ್ ಮಾಡ್ತಾರೆ."

"ಒತ್ತಬೇಡ ಮಗಾ. ಒತ್ತಿದ್ರೆ ಸೀಸ ಹೊಳೀತದೆ. ಮೆಲ್ಲಗೆ ಮೂರು ಸಲ ಎಳಿ, ಒಂದರ ಮೇಲೆ ಒಂದು. ಸಾಕಾಗದಿದ್ರೆ ಮುಂದಿನ ನಂಬರ್ ತಗೋ. ಬೆರಳಲ್ಲಿ ಉಜ್ಜಬೇಡ, ಎಣ್ಣೆಪಸೆ ಹಿಡೀತದೆ. ಟಿಶ್ಯೂ ಉಂಟಲ್ಲ, ಅದರಲ್ಲಿ."

ಬಸ್ಸಿಗೆ ಇನ್ನೂ ಆರು ನಿಮಿಷ ಉಳಿದಿದೆ. ಸಹನಾ ಏನು ಕೊಡಬೇಕೆಂದು ಕೇಳುತ್ತಾರೆ. ಕೊಳ್ಳದ ವಸ್ತುವಿಗೆ ಬಿಲ್ ಮಾಡುವುದು ಹೇಗೆಂದು ಒಸ್ವಾಲ್ಡ್ ಅವರಿಗೂ ತಿಳಿಯುವುದಿಲ್ಲ. "ಉಳಿದ ಇಪ್ಪತ್ತು ನೀವೇ ಇಟ್ಕೊಳ್ಳಿ, ನನಗೆ ಅವನ್ನ ನೋಡಿದ್ರೇ ಕೋಪ ಬರತ್ತೆ," ಎಂದು ಸಹನಾ ಮಗಳನ್ನು ಎಳೆದುಕೊಂಡು ಓಡುತ್ತಾರೆ. ಅವರ ವಿಮರ್ಶೆ ಇದನ್ನು ಬರೆಯುವ ಹೊತ್ತಿಗೂ ಅದೇ ಒಂದು ನಕ್ಷತ್ರದೊಂದಿಗೆ ಹಾಗೆಯೇ ಇದೆ.

ಹತ್ತು ನಿಮಿಷ, ಮಾರಾಟ ಸೊನ್ನೆ, ಕಾಯಲಾರದೆ ಹೋದವರು ನಾಲ್ವರು. ರಾಕೇಶ್ ಮನಸ್ಸಿನಲ್ಲೇ ಇದನ್ನು ಲೆಕ್ಕ ಹಾಕುತ್ತ ಸೀಲ್ ಮಾಡಿದ ಡಬ್ಬಿಯನ್ನು ಕಪಾಟಿಗೆ ಮರಳಿಸುತ್ತಾರೆ. ಎಂಟು ಗಂಟೆಗೆ ಅಂಗಡಿ ತಣ್ಣಗಾದಾಗ ಆ ಇಪ್ಪತ್ತರಲ್ಲಿ ಎರಡನ್ನು ಎತ್ತಿಕೊಂಡು ತಾವೂ ರಟ್ಟಿನ ಮೇಲೆ ತೀಡಿ ನೋಡುತ್ತಾರೆ. ಅವರ ಕಣ್ಣಿಗೆ ಎರಡೂ ಒಂದೇ.

"ಇದ್ಯಾವುದು ಅಂಕಲ್?"

"7ಬಿ. ಇನ್ನೊಂದು 5ಬಿ."

ರಾಕೇಶ್ ಮತ್ತೂ ಮೂರು ಜೋಡಿ ತೀಡುತ್ತಾರೆ, ಮೂರು ಸಲವೂ ಕೇಳುತ್ತಾರೆ. ಆಮೇಲೆ ಶಬ್ನಮ್ ಕಡೆ ತಿರುಗಿ, "ಬಾರ್‌ಕೋಡ್ ಪೆನ್ಸಿಲ್ ಮೇಲೇ ಇರ್ಬೇಕು ಅಂತ ಏನಿಲ್ಲ ಅಲ್ವಾ?" ಎನ್ನುತ್ತಾರೆ.

"ನಾನು ಸೋಮವಾರದಿಂದ ಅದನ್ನೇ ಹೇಳ್ತಾ ಇದ್ದೇನೆ ಸರ್," ಎನ್ನುತ್ತಾಳೆ ಶಬ್ನಮ್. "ಇಬ್ರೂ ಕೇಳ್ಬೇಕಲ್ಲ."

ಅವಳು ಹನ್ನೊಂದು ಬಾರ್‌ಕೋಡ್ ಮುದ್ರಿಸಿ ಒಂದೇ ರಟ್ಟಿಗೆ ಅಂಟಿಸುತ್ತಾಳೆ. ಪೆನ್ಸಿಲ್ ಯಾವುದೆಂದು ಒಸ್ವಾಲ್ಡ್ ಹೇಳಿದರೆ ರಟ್ಟಿನಲ್ಲಿ ಆ ನಂಬರಿಗೆ ಸ್ಕ್ಯಾನರ್ ಹಿಡಿದರಾಯಿತು. ಕಾರ್ಟನ್ನಿನ ಟೇಪ್ ಬಿಚ್ಚಿಕೊಳ್ಳುತ್ತದೆ. ಡ್ರಾಯರಿಗೆ ರಾಕೇಶ್ ಕೊಟ್ಟಿರುವುದು ಬೇಸಿಗೆ ರಜೆಯವರೆಗಿನ ಗಡುವು, ಅದೂ ಗಿರಾಕಿಗಳ ಜೊತೆ ವಾದ ಮಾಡಬಾರದೆಂಬ ಷರತ್ತಿನ ಮೇಲೆ. "ವಾದ ಮಾಡುದಿಲ್ಲ," ಎಂದು ಒಸ್ವಾಲ್ಡ್ ಒಪ್ಪಿಕೊಂಡಿದ್ದಾರೆ. "ಹೇಳುದು ಮಾತ್ರ."

ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಚರ್ಚಿನ ಪೂಜೆಗೆ ಹೋದಾಗ ಏನು ಬೇಡಿಕೊಂಡಿರೆಂದು ಕೇಳಿದರೆ ಅವರಿಗೆ ನಗು ಬರುತ್ತದೆ. "ದೊಡ್ಡದೇನಿಲ್ಲ. ಊರಿಗೆ ಹೋಗುವ ಮೊದಲು ಒಂದು ದಿನ, ಒಂದೇ ದಿನ, ಅಕ್ಷರ ಇಲ್ಲದ ತುಂಡು ಯಾರೂ ತರಬಾರದು."

ಭಾನುವಾರ, ಇಲ್ಲಿ ಶಾಲೆಯ ವಾರ ಶುರುವಾಗುವ ದಿನ, ಐದೂ ನಲವತ್ತು. ಷಟರ್ ಸೊಂಟದ ಮಟ್ಟಕ್ಕೆ ಏರುತ್ತದೆ, ಹಿಂದೆಯೇ ವೆಂಕಟರಾಮು ಬೇರೊಂದು ಪೆನ್ಸಿಲ್ ತುಂಡು ಹಿಡಿದು ನುಸುಳುತ್ತಾರೆ. "ಅಂಕಲ್, ಇದೇ ಥರದ್ದು." ಒಸ್ವಾಲ್ಡ್ ಬೈಯಲು ಉಸಿರೆಳೆದುಕೊಂಡು ತುಂಡನ್ನು ದೀಪದ ಕೆಳಗೆ ತಿರುಗಿಸುತ್ತಾರೆ. ಮೊಂಡು ತುದಿಯಲ್ಲಿ ಚಿನ್ನದ ಬಣ್ಣದ ಅಕ್ಷರ ಒಂದಿಷ್ಟೂ ಮಾಸದೆ ಹೊಳೆಯುತ್ತಿದೆ, 6ಬಿ. ಕೈ ಡ್ರಾಯರಿನ ಕಡೆಗೆ ಹೋಗುತ್ತದೆ, ಅರ್ಧದಲ್ಲಿ ನಿಂತು ರಟ್ಟಿನ ಚೂರನ್ನು ಎತ್ತಿಕೊಳ್ಳುತ್ತದೆ. ಮೂರು ಸಲ ಮೆಲ್ಲಗೆ ತೀಡಿ, ಗೋಡೆಯ ಪಟ್ಟಿಯ ಪಕ್ಕ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ.

"ಅಂಕಲ್, ಬರ್ದೇ ಇದೆಯಲ್ಲ," ಎನ್ನುತ್ತಾರೆ ವೆಂಕಟರಾಮು.

"ಉಂಟು," ಎನ್ನುತ್ತಾರೆ ಒಸ್ವಾಲ್ಡ್. "ಸರಿ ಬರೆದಿದ್ದಾರಾ ಅಂತ ನೋಡಿದ್ದು."